ಸೋಡಿಯಂ ಅಯೋಡೈಡ್ ಗಾಮಾ ಸ್ಪೆಕ್ಟ್ರೋಮೀಟರ್: ರಾಯಚೂರಿನಲ್ಲಿ ಐದು ಬೇಸಿಗೆ ಬಳಸಿದ ಮೇಲೆ

ಬೂದಿ, ಕಲ್ಲುಪುಡಿಯಂಥ ಮಾದರಿಯಲ್ಲಿ ವಿಕಿರಣಶೀಲ ಧಾತು ಎಷ್ಟಿದೆ ಎಂದು ಗಾಮಾ ಕಿರಣ ಎಣಿಸಿ ಹೇಳುವ ಯಂತ್ರ ಇದು. ಕಿರಣ ತಾಗಿದರೆ ಮಿನುಗುವ ಮೂರು ಇಂಚಿನ ಹರಳು, ಕಿರಣಗಳನ್ನು ಶಕ್ತಿಗೆ ತಕ್ಕಂತೆ ವಿಂಗಡಿಸುವ 1024 ಚಾನೆಲ್, ಸೀಸದ ಗೂಡು ಎಲ್ಲ ಕ್ಯಾಟಲಾಗ್‌ನಲ್ಲೇ ಇದೆ. ಅದರಲ್ಲಿ ಇಲ್ಲದ್ದು ರಾಯಚೂರಿನ ಬಿಸಿಲು. ಈ ಯಂತ್ರದ ಮೇಲೆ ನನ್ನ ತಕರಾರು ಒಂದೇ: ಪೀಕ್, ಅಂದರೆ ಒಂದೊಂದು ಧಾತುವಿನ ಗುರುತಾದ ಎಣಿಕೆಯ ದಿಬ್ಬ, ನಿಂತಲ್ಲಿ ನಿಲ್ಲುವುದಿಲ್ಲ.

ಬೆಳಿಗ್ಗೆ ಹರಳಿನ ಮಿನುಗು ಹಿಡಿಯುವ ಕೊಳವೆಯ ಹೈ ಟೆನ್ಷನ್ (ಎಚ್‌ಟಿ) ವಿದ್ಯುತ್ತನ್ನು 50 ವೋಲ್ಟ್‌ನಂತೆ ಮೆಲ್ಲಗೆ ಏರಿಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಶಕ್ತಿ ಗೊತ್ತಿರುವ ಸೀಸಿಯಂ-137 ಮೂಲ ಇಟ್ಟು, ಅದರ 662 ಕೆಇವಿ (ಕಿರಣದ ಶಕ್ತಿಯ ಅಳತೆ) ಪೀಕ್ 220ನೇ ಚಾನೆಲ್‌ನಲ್ಲಿ ಕೂರುವವರೆಗೆ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಸರಿಮಾಡುವುದು. ಮುಂದಿನದು ಪೊಟ್ಯಾಷ್ ಡಬ್ಬಿ. ಗೊಬ್ಬರದಂಗಡಿಯ ಅದೇ ಕೆಂಪು ಪೊಟ್ಯಾಷ್, ಒಣಗಿಸಿ ತುಂಬಿದ್ದು 300 ಗ್ರಾಂ. ಗ್ರಾಂಗೆ ಸುಮಾರು 16 ಬೆಕ್ವೆರೆಲ್, ಅಂದರೆ ಸೆಕೆಂಡಿಗೆ 16 ವಿಘಟನೆಯಷ್ಟು, ಪೊಟ್ಯಾಸಿಯಂ-40 ಇರುತ್ತದೆ. ಹತ್ತು ನಿಮಿಷದಲ್ಲಿ 486ನೇ ಚಾನೆಲ್ ಹತ್ತಿರ ಅದರ 1461 ಕೆಇವಿ ಪೀಕ್ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಇಡೀ ಲ್ಯಾಬಿನಲ್ಲಿ ಇಷ್ಟು ನೆಚ್ಚಿಕೆಯ ವಸ್ತು ಇನ್ನೊಂದಿಲ್ಲ.

ಆದರೆ ಮಧ್ಯಾಹ್ನ ಕರೆಂಟ್ ಹೋದರೆ? ಯುಪಿಎಸ್ ಯಂತ್ರವನ್ನು ನಡೆಸುತ್ತದೆ, ಎಸಿಯನ್ನಲ್ಲ. ಎಣಿಕೆ ಮುಂದುವರಿಯುತ್ತದೆ, ಕೋಣೆ ಬಿಸಿಯಾಗುತ್ತದೆ. ಡಿಗ್ರಿಗೆ 0.3 ಶೇಕಡಾ ಗೇನ್ ಇಳಿದರೂ ಹತ್ತು ಡಿಗ್ರಿಗೆ 486ರ ಪೀಕ್ 471ಕ್ಕೆ ಜಾರಿತು. ಗಂಟೆಗಟ್ಟಲೆ ಎಣಿಸಿದ ಪೀಕ್ ಅಗಲವಾಗಿ ಹರಡಿ, ಒಂದು ಭಾಗ ಎಣಿಕೆಗೆ ಗುರುತು ಹಾಕಿದ ಚಾನೆಲ್‌ಗಳ ಕಿಟಕಿಯಾಚೆ ಉಳಿಯುತ್ತದೆ. ಪೊಟ್ಯಾಸಿಯಂ ಕಡಿಮೆ ಬರುತ್ತದೆ. ಥೋರಿಯಂಗೆ ನೋಡುವ 2614 ಕೆಇವಿ ಇನ್ನೂ ದೂರ ಸರಿಯುತ್ತದೆ. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡದೆ ಅಚ್ಚುಕಟ್ಟಾದ ವರದಿ ಕೊಡುತ್ತದೆ. ಇದನ್ನು ಕ್ಷಮಿಸಲಾಗದು.

ಉಪಾಯವಿದೆ. 60,000 ಸೆಕೆಂಡನ್ನು ಒಂದೇ ಸಲ ಎಣಿಸದೆ ತಲಾ 10,000ದ ಆರು ಕಂತು ಮಾಡಿ, ಬೇರೆಬೇರೆ ಉಳಿಸಿಕೊಳ್ಳಿ. ಪ್ರತಿ ಕಂತಿನಲ್ಲೂ 1461 ಎಲ್ಲಿದೆ ನೋಡಿ, ಶಕ್ತಿ ಮಾಪನ ಸರಿಪಡಿಸಿದ ಮೇಲೆಯೇ ಕೂಡಿಸಿ. ಹೀಗೆ ಮಾಡಿದಾಗಿನಿಂದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಗ್ರಾನೈಟ್ ಪುಡಿ ಎರಡೂ ಮರುಎಣಿಕೆಯಲ್ಲಿ ತಾಳೆಯಾಗುತ್ತಿವೆ.

ರೇಡಿಯಂಗೆ 609 ಕೆಇವಿ ಪೀಕ್ ನೋಡಬೇಡಿ, ಥೋರಿಯಂ ಸರಣಿಯ 583 ಅದಕ್ಕೆ ಅಂಟಿಕೊಂಡಿರುತ್ತದೆ, 1764 ಒಳ್ಳೆಯದು. ಈ ಪೀಕ್ ನೇರ ರೇಡಿಯಂನದ್ದಲ್ಲ, ಅದರಿಂದ ಹುಟ್ಟುವ ರೇಡಾನ್ ಅನಿಲದ ಮರಿಧಾತುವಿನದು. ಅದು ರೇಡಿಯಂನೊಂದಿಗೆ ಸಮತೋಲಕ್ಕೆ ಬರಲು ಮಾದರಿ ಡಬ್ಬಿಯನ್ನು 30 ದಿನ ಮುಚ್ಚಿಡಿ. ಮುಚ್ಚಳಕ್ಕೆ ಬರೀ ಟೇಪ್ ಸಾಲದು, ಎಪಾಕ್ಸಿ ಹಚ್ಚಿ. ರೇಡಾನ್ ಸೋರಿದರೆ ಆ ಒಂದು ತಿಂಗಳೇ ನೀರುಪಾಲು.

ಜರ್ಮೇನಿಯಂ ಹರಳಿನ ಯಂತ್ರ ಇದಕ್ಕಿಂತ ಎಷ್ಟೋ ಮೇಲು. ಆದರೆ ಅದನ್ನು ತಂಪಾಗಿಡಲು ದ್ರವ ಸಾರಜನಕ ತರಿಸುವುದು ಜಿಲ್ಲಾ ಕಾಲೇಜಿನ ಬಜೆಟ್‌ಗೆ ಎಟುಕುವ ಮಾತಲ್ಲ. ಇದನ್ನೇ ಕೊಳ್ಳುವವರು ಪೀಕನ್ನು ತಾನೇ ಹಿಡಿದಿಡುವ ಸ್ಟೆಬಿಲೈಸರ್ ಇದೆಯೇ ಎಂದು ಮೊದಲೇ ಕೇಳಿ. ಎಸಿ ಗಾಳಿ ಹರಳಿಗೆ ನೇರ ತಾಗದಂತೆ ಇಡಿ. ಥಟ್ಟನೆ ತಣಿದರೆ ಹರಳು ಸೀಳುತ್ತದೆ.