ಪೆರ್ಲ ಸಮೀಪದ ಹದಿಹರೆಯದವರ ಶಿಬಿರ: ಮಕ್ಕಳನ್ನು ಕಳುಹಿಸಬಹುದೇ?

ಬೇಸಗೆ ರಜೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪ ಹೈಸ್ಕೂಲು ಮಕ್ಕಳಿಗಾಗಿ ನಡೆದ ಎರಡು ದಿನಗಳ ಶಿಬಿರಕ್ಕೆ ಮಗಳನ್ನು ಸೇರಿಸಿದ್ದೆ. ಪೋಷಕರಿಗೂ ಪ್ರವೇಶವಿದ್ದುದರಿಂದ ಬಹುಪಾಲು ಕಲಾಪಗಳನ್ನು ನಾನೂ ನೋಡಿದೆ. ಭಾವನಾತ್ಮಕ ಬುದ್ಧಿವಂತಿಕೆಯನ್ನೂ ಪರಿಸರಸ್ನೇಹಿ ನಡವಳಿಕೆಯನ್ನೂ ಒಟ್ಟಿಗೆ ಕಲಿಸುವುದು ಶಿಬಿರದ ಉದ್ದೇಶ.

ಇಡೀ ಶಿಬಿರದಲ್ಲಿ ಹಣಕ್ಕೆ ತಕ್ಕುದಾಗಿದ್ದುದು ಮನೆಗಳಿಂದ ಕಸ ಸಂಗ್ರಹಿಸುವ ಕೇರಳದ ಹರಿತ ಕರ್ಮಸೇನೆಯ ಮಹಿಳೆಯರೊಂದಿಗೆ ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸಿದ ಬೆಳಗ್ಗೆ. ಹಿಂದಿರುಗಿದ ಮಕ್ಕಳಿಗೆ ಉಪದೇಶ ಮಾಡದೆ, ಯಾವ ಹೊತ್ತಿನಲ್ಲಿ ಏನನ್ನಿಸಿತು ಎಂದಷ್ಟೇ ಕೇಳಲಾಯಿತು. ಚೀಲ ಹೊತ್ತಿರುವಾಗ ಸಹಪಾಠಿಗಳು ನೋಡಿಬಿಟ್ಟಾರೆಂದು ನಾಚಿಕೆಯಾಯಿತು ಎಂದು ಹುಡುಗನೊಬ್ಬ ಹೇಳಿದಾಗ ಯಾರೂ ಅವನನ್ನು ತಿದ್ದಲಿಲ್ಲ. ಆ ನಾಚಿಕೆಯ ಬೆನ್ನು ಹತ್ತಿದ ಚರ್ಚೆ, ಮಿಠಾಯಿ ಕಾಗದವನ್ನು ಬ್ಯಾಗಿಗೆ ಹಾಕಿಕೊಂಡರೆ ಗೆಳೆಯರು ನಗುತ್ತಾರೆಂಬ ಅಂಜಿಕೆಯಿಂದಲೇ ಬಸ್ಸಿನ ಕಿಟಕಿಯಿಂದ ಎಸೆಯುತ್ತೇವೆ ಎಂಬಲ್ಲಿಗೆ ಬಂದು ಮುಟ್ಟಿತು. ಈ ವಯಸ್ಸಿನವರಿಗೆ ತಿಳಿವಳಿಕೆಯ ಕೊರತೆಯಿಲ್ಲ, ಪ್ರಬಂಧ ಬರೆಯಲು ಹೇಳಿದರೆ ನಮಗಿಂತ ಚೆನ್ನಾಗಿ ಬರೆದಾರು. ತಡೆಯುವುದು ಈ ನಾಚಿಕೆ, ಅಂಜಿಕೆಗಳೇ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೋವೆ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿವಂತಿಕೆಯ ಪರಿಕಲ್ಪನೆಯನ್ನು ವಿವರಿಸುವಾಗ, ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ, ಆ ಅರಿವನ್ನು ಯೋಚನೆ ಹಾಗೂ ನಡೆಗೆ ಬಳಸಿಕೊಳ್ಳುವ ಸಾಮರ್ಥ್ಯದ ಬಗ್ಗೆ ಹೇಳಿದ್ದರು. ಮಧ್ಯಾಹ್ನದ ಉಪನ್ಯಾಸ ಒಂದು ಗಂಟೆಯಲ್ಲಿ ವಿವರಿಸಲಾಗದ್ದನ್ನು ಆ ಹುಡುಗನ ಮಾತು ವಿವರಿಸಿತ್ತು.

ಎಂಡೋಸಲ್ಫಾನ್ ಕೀಟನಾಶಕದ ಕುರಿತ ಕಲಾಪ ಮಾತ್ರ ನಿರಾಸೆ ತಂದಿತು. 2000ದವರೆಗೂ ಹೆಲಿಕಾಪ್ಟರಿನಿಂದ ಗೇರುತೋಟಗಳಿಗೆ ವಿಷ ಸುರಿದ ಎಣ್ಮಕಜೆಯಂತಹ (ಪೆರ್ಲ ಇರುವ ಪಂಚಾಯತ್) ಊರಿನಲ್ಲಿ ಈ ವಿಷಯವನ್ನು ಬಿಡುವಂತಿಲ್ಲ, ನಿಜ. ಆದರೆ ಸಂತ್ರಸ್ತರ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ, ಅಳುತ್ತಿದ್ದ ಮಕ್ಕಳನ್ನು ನೇರವಾಗಿ ಊಟಕ್ಕೆ ಎಬ್ಬಿಸಿದ್ದು ಭಾವನೆಗಳ ಬಗ್ಗೆಯೇ ನಡೆಸುವ ಶಿಬಿರಕ್ಕೆ ಒಪ್ಪುವಂಥದ್ದಲ್ಲ. ಆ ದುಃಖಕ್ಕೂ ಸಿಟ್ಟಿಗೂ ಮಾತಿನ ಅವಕಾಶ ಬೇಕಿತ್ತು. ಇಲ್ಲವಾದರೆ ಉಳಿಯುವುದು ತನ್ನಿಂದೇನೂ ಆಗದೆಂಬ ಅಸಹಾಯಕತೆಯಷ್ಟೆ. ಸಂಘಟಕರಲ್ಲಿ ಇದನ್ನು ಹೇಳಿದಾಗ ಗಮನವಿಟ್ಟು ಕೇಳಿದರು.

ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಪಂಪಿಲ್ಲದೆ ಮನೆಯಂಗಳಕ್ಕೆ ಹರಿದು ಬರುವುದನ್ನು ತೋರಿಸಿದ ಭೇಟಿ ಚೆನ್ನಾಗಿತ್ತು, ಆದರೆ ತೀರಾ ಗಡಿಬಿಡಿಯದಾಗಿತ್ತು. ಊಟಕ್ಕೆ ಗಂಜಿ, ಚಟ್ನಿ, ಉಪ್ಪಿನಕಾಯಿ. ತಟ್ಟೆಗಳು ಸ್ಟೀಲಿನವು, ತೊಳೆದವರು ಮಕ್ಕಳೇ. ಕನ್ನಡದ ನಡುವೆ ತುಳು, ಮಲಯಾಳಂ ಸಲೀಸಾಗಿ ಬಂದುದರಿಂದ ಯಾರೂ ಹೊರಗುಳಿಯಲಿಲ್ಲ.

ಒಂಬತ್ತು, ಹತ್ತನೇ ತರಗತಿಯವರನ್ನು ಧೈರ್ಯವಾಗಿ ಕಳುಹಿಸಬಹುದು. ಅದಕ್ಕಿಂತ ಚಿಕ್ಕವರಾದರೆ, ಎಂಡೋಸಲ್ಫಾನ್ ಕಲಾಪವನ್ನು ಈ ಬಾರಿ ಹೇಗೆ ನಡೆಸುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.