ತಗಡು ಅಸಲಿ, ಕಾರು ನಕಲಿ: ಹಳೇ ರೇಸ್ ಕಾರು ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಇದನ್ನು ಬರೆಯಬೇಕು ಅಂತ ಎರಡು ವರ್ಷದಿಂದ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಹೋದ ವಾರ ಮ್ಯೂನಿಕ್‌ನಲ್ಲಿರುವ ಗೆಳೆಯರೊಬ್ಬರು ಫೋನ್ ಮಾಡಿದರು. "ಒಂದು ಹಳೇ ಫಾರ್ಮುಲಾ ತ್ರೀ ಕಾರು ನೋಡಿದ್ದೀನಿ. ಚಾಸಿಸ್ ನಂಬರಿನ ತಗಡು ಇದೆ, ದಪ್ಪ ಫೈಲ್ ಇದೆ. ನಾಳೆ ಅಡ್ವಾನ್ಸ್ ಕೊಡ್ತಿದ್ದೀನಿ" ಅಂದರು. ನನಗೆ ಎದೆ ಧಸಕ್ಕೆಂದಿತು. ನಾನೂ ಹಿಂದೆ ಹೆಚ್ಚುಕಡಿಮೆ ಇದೇ ಮಾತು ಆಡಿದ್ದೆ. "ದಯವಿಟ್ಟು ಒಂದು ವಾರ ತಡೀರಿ" ಅಂತ ಕೇಳಿಕೊಂಡೆ. ಈ ಹುಚ್ಚು ಹಿಡಿದಿರುವ ಕನ್ನಡಿಗರು ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೂ ತಲುಪಲಿ ಅಂತ ಈಗ ಬರೆಯುತ್ತಿದ್ದೇನೆ.

ನಮ್ಮೂರು ಹಾಸನ. ಎಂಬತ್ತರ ದಶಕದಲ್ಲಿ ಮದ್ರಾಸಿನಲ್ಲಿದ್ದ ಚಿಕ್ಕಪ್ಪ ನನ್ನನ್ನು ಶೋಳಾವರಂ ರೇಸಿಗೆ ಕರೆದುಕೊಂಡು ಹೋಗಿದ್ದರು. ಅದು ಯುದ್ಧಕಾಲದ ಹಳೇ ವಿಮಾನದ ಪಟ್ಟಿ. ಆ ಬಿಸಿಲು, ಆ ಸದ್ದು, ಸುಟ್ಟ ಎಣ್ಣೆಯ ಆ ವಾಸನೆ ತಲೆಯಿಂದ ಇಳಿಯಲೇ ಇಲ್ಲ. ಮುಂದೆ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದು ನಾರ್ಥಾಂಪ್ಟನ್‌ನಲ್ಲಿ ನೆಲೆಸಿದೆ. ಸಿಲ್ವರ್‌ಸ್ಟೋನ್ ಟ್ರ್ಯಾಕ್ ಇಲ್ಲಿಂದ ಹತ್ತಿರ. ಹದಿನೆಂಟು ವರ್ಷ ದುಡ್ಡು ಕೂಡಿಟ್ಟು ಒಂದು ಬ್ರಾಬಮ್ ಬಿಟಿ28 ಕೊಂಡೆ. ಕೊಟ್ಟಿದ್ದು 62 ಸಾವಿರ ಪೌಂಡ್.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬಿ ಅಂದರೆ ಜಾಕ್ ಬ್ರಾಬಮ್, ಟಿ ಅಂದರೆ ಅವರ ಪಾಲುದಾರ, ಡಿಸೈನರ್ ರಾನ್ ಟೊರಾನಾಕ್. ತನ್ನದೇ ಹೆಸರಿನ ಕಾರು ಓಡಿಸಿ ವಿಶ್ವ ಚಾಂಪಿಯನ್ ಆದವರು ಜಾಕ್ ಒಬ್ಬರೇ, 1966ರಲ್ಲಿ. ಅವರ ಕಂಪನಿ ಬೇರೆಯವರಿಗೂ ರೇಸ್ ಕಾರು ಮಾಡಿ ಮಾರುತ್ತಿತ್ತು. ಬಿಟಿ28 ಅಂಥದ್ದೊಂದು, ಒಂದು ಲೀಟರ್ ಎಂಜಿನ್ನಿನ ಫಾರ್ಮುಲಾ ತ್ರೀ ಕಾಲದ್ದು. ಫಾರ್ಮುಲಾ ತ್ರೀ ಅಂದರೆ ಫಾರ್ಮುಲಾ ಒನ್‌ಗಿಂತ ಕೆಳಗಿನ ದರ್ಜೆಯ ರೇಸು. ಒಳಗೆ ಇರುವುದು ಸಣ್ಣ ಉಕ್ಕಿನ ಕೊಳವೆಗಳನ್ನು ಜೋಡಿಸಿ ಬೆಸೆದ ಪಂಜರ. ಅದೇ ಚಾಸಿಸ್, ಅಂದರೆ ಚೌಕಟ್ಟು.

ಊರಲ್ಲಿ ಹಳೇ ಬೈಕು ಕೊಳ್ಳುವಾಗ ಏನು ಮಾಡುತ್ತೇವೆ? ಆರ್‌ಸಿ ನೋಡುತ್ತೇವೆ, ಚಾಸಿಸ್ ನಂಬರ್ ಮೇಲೆ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತೇವೆ, ತಾಳೆ ಹಾಕುತ್ತೇವೆ. ಇಂಥ ರೇಸ್ ಕಾರಿಗೆ ಆರ್‌ಸಿಯೇ ಇರುವುದಿಲ್ಲ. ಅದು ರಸ್ತೆಗೆ ಇಳಿದೇ ಇಲ್ಲ, ಹಾಗಾಗಿ ಯಾವ ಸರ್ಕಾರದ ಪುಸ್ತಕದಲ್ಲೂ ಮಾಲೀಕನ ಹೆಸರಿಲ್ಲ. ಇರುವುದು ಒಂದು ಸಣ್ಣ ಅಲ್ಯೂಮಿನಿಯಂ ತಗಡು, ನಾಲ್ಕು ರಿವೆಟ್, ಅದರ ಮೇಲೆ ಒತ್ತಿದ ನಂಬರು. ಅಷ್ಟೇ.

ಮಾರಿದವರು ಹಳೇ ರೇಸ್ ಕಾರುಗಳ ವ್ಯಾಪಾರಿ. ಹೆಸರು ಹೇಳುವುದಿಲ್ಲ. ಮಾತು ಮೃದು, ಟೀ ಕೊಟ್ಟರು, ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರು. ಮೇಜಿನ ಮೇಲೆ ಎರಡು ಇಂಚು ದಪ್ಪದ ಫೈಲ್ ಇಟ್ಟರು. ಅದರಲ್ಲಿ 1970ರ ರೇಸ್ ವರದಿಗಳಿದ್ದವು, ಕಪ್ಪು ಬಿಳುಪು ಫೋಟೋಗಳಿದ್ದವು, 1991ರಿಂದ ಈಚೆಗಿನ ಬಿಲ್ಲುಗಳಿದ್ದವು, ಎಫ್‌ಐಎ ಅನ್ನುವ ಅಂತರರಾಷ್ಟ್ರೀಯ ಮೋಟರ್ ರೇಸ್ ಸಂಸ್ಥೆ ಕೊಡುವ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟೂ ಇತ್ತು. ನನಗೆ ಅಷ್ಟು ಸಾಕಾಯಿತು. ಹಿಂದಿನ ದಿನ ರಾತ್ರಿ ನನ್ನ ಹೆಂಡತಿ ಕೇಳಿದ್ದಳು, "ರೀ, ಮೈಸೂರಿನ ಸೈಟಿಗೆ ನೋಡಿದಷ್ಟು ಪೇಪರ್ ಇದಕ್ಕೆ ನೋಡಿದ್ರಾ?" ಅಂತ. "ಇದು ಬೇರೆ ಲೋಕ ಕಣೇ" ಅಂದುಬಿಟ್ಟೆ. ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ.

ಸೈಟು ಕೊಳ್ಳುವಾಗ ವಕೀಲರು ಮೂಲಪತ್ರದಿಂದ ಶುರು ಮಾಡುತ್ತಾರೆ. ಅವನಿಂದ ಇವನಿಗೆ, ಇವನಿಂದ ಇನ್ನೊಬ್ಬನಿಗೆ, ಹೀಗೆ ಒಂದೊಂದೇ ಕ್ರಯಪತ್ರ ಹಿಡಿದು ಇವತ್ತಿನವರೆಗೆ ಬರುತ್ತಾರೆ. ನಡುವೆ ಒಂದು ಪತ್ರ ಇಲ್ಲ ಅಂದರೆ "ಬೇಡ ಬಿಡಿ" ಅನ್ನುತ್ತಾರೆ. ನನ್ನ ಫೈಲಿನಲ್ಲಿ 1972ರಿಂದ 1991ರವರೆಗೆ ಒಂದು ಚೀಟಿಯೂ ಇರಲಿಲ್ಲ. ಹತ್ತೊಂಬತ್ತು ವರ್ಷ! ಕೇಳಿದೆ ನಾನು. "ಆಗೆಲ್ಲ ಹಳೇ ರೇಸ್ ಕಾರನ್ನು ಯಾರು ಕೇಳ್ತಿದ್ರು? ಯಾರದೋ ಶೆಡ್ಡಲ್ಲಿ ಬಿದ್ದಿತ್ತು" ಅಂದರು. ಆ ಮಾತು ಎಷ್ಟೋ ಕಾರುಗಳ ಮಟ್ಟಿಗೆ ನಿಜವೂ ಹೌದು. ಆ ಕಾಲದಲ್ಲಿ ಹೋದ ವರ್ಷದ ರೇಸ್ ಕಾರಿಗೆ ಬೆಲೆಯೇ ಇರುತ್ತಿರಲಿಲ್ಲ. ಅದಕ್ಕೇ ನಾನು ತಲೆಯಾಡಿಸಿದೆ. ಹಣ ಕೊಟ್ಟೆ.

ಎರಡು ಸೀಸನ್ ಚೆನ್ನಾಗೇ ಓಡಿತು. ಮೂರನೇ ಚಳಿಗಾಲದಲ್ಲಿ ಹಿಂದಿನ ಸಸ್ಪೆನ್ಷನ್ ಕಟ್ಟುವ ಜಾಗದಲ್ಲಿ ಒಂದು ಬಿರುಕು ಕಂಡಿತು. ಕಾರು ಪೂರ್ತಿ ಬಿಚ್ಚಿದೆ. ಎಂಜಿನ್ ಇಳಿಸಿ ಚೌಕಟ್ಟನ್ನು ಮಾತ್ರ ಎರಡು ಸ್ಟ್ಯಾಂಡಿನ ಮೇಲೆ ಇಟ್ಟೆ. ಬಿರುಕಿನ ಹತ್ತಿರ ಬಣ್ಣ ಉಜ್ಜಿ ತೆಗೆದು, ಹೊಸ ಕೊಳವೆ ತರಿಸಬೇಕಲ್ಲ ಅಂತ ವರ್ನಿಯರ್ ಹಿಡಿದು ಅಳತೆ ತೆಗೆದೆ. 25.0 ಮಿಲಿಮೀಟರ್ ಬಂತು. ಸರಿಯಾಗಿ ಹಿಡಿದಿಲ್ಲ ಅಂದುಕೊಂಡು ಮತ್ತೆ ಹಿಡಿದೆ. 25.0. ಪಕ್ಕದ ಕೊಳವೆ, 25.0. ಮುಂದಿನ ಮೂಲೆಯದು, ಕಾಲಿನ ಹತ್ತಿರದ್ದು, ಎಲ್ಲವೂ 25.0.

ಒಂದು ಇಂಚು ಅಂದರೆ 25.4 ಮಿಲಿಮೀಟರ್. ಆ ಕಾಲದ ಇಂಗ್ಲೆಂಡಿನಲ್ಲಿ ರೇಸ್ ಕಾರಿನ ಚೌಕಟ್ಟು ಕಟ್ಟುತ್ತಿದ್ದುದು ಇಂಚಿನ ಕೊಳವೆಯಿಂದ. ಒಂದೆರಡು ಕೊಳವೆ ಮಿಲಿಮೀಟರ್ ಲೆಕ್ಕದ್ದಿದ್ದರೆ ರಿಪೇರಿ ಅನ್ನಬಹುದು. ಪೂರ್ತಿ ಚೌಕಟ್ಟು ಹಾಗಿದ್ದರೆ ಅದು ಯಾರೋ ಆಮೇಲೆ ಹೊಸದಾಗಿ ಕಟ್ಟಿದ್ದು. ಗ್ಯಾರೇಜಿನ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಮುಕ್ಕಾಲು ಗಂಟೆ ಆದಮೇಲೆ ಹೆಂಡತಿ ಊಟಕ್ಕೆ ಕರೆಯಲು ಬಂದಾಗಲೂ ವರ್ನಿಯರ್ ಕೈಯಲ್ಲೇ ಇತ್ತು.

ಆ ರಾತ್ರಿಯಿಂದ ಹುಡುಕಾಟ ಶುರು. ಕೊಳ್ಳುವ ಮುಂಚೆ ಮಾಡಬೇಕಾಗಿದ್ದ ಕೆಲಸ. ಬ್ರಾಬಮ್ ಚೌಕಟ್ಟುಗಳನ್ನು ಬೆಸೆದು ಕೊಡುತ್ತಿದ್ದದ್ದು ಆರ್ಚ್ ಮೋಟರ್ಸ್ ಅನ್ನುವ ಸಂಸ್ಥೆ. ಅವರು ಚೌಕಟ್ಟಿನ ಕೊಳವೆಯ ಮೇಲೆಯೇ ಎಎಂ ಅಂತ ಶುರುವಾಗುವ ತಮ್ಮದೊಂದು ನಂಬರು ಒತ್ತುತ್ತಿದ್ದರು. ಕಾರಿನ ನಂಬರು ತಗಡಿನ ಮೇಲೆ, ಚೌಕಟ್ಟಿನ ನಂಬರು ಲೋಹದ ಮೇಲೆ. ಎರಡೂ ಬೇರೆ ಬೇರೆ. ಇದು ನನಗೆ ಆಗ ಗೊತ್ತೇ ಇರಲಿಲ್ಲ. ನನ್ನ ಚೌಕಟ್ಟಿನ ಬಣ್ಣ ಪೂರ್ತಿ ತೆಗೆದು ಹುಡುಕಿದೆ. ಅಂಥ ಗುರುತು ಎಲ್ಲೂ ಇಲ್ಲ.

ಆಟೋಸ್ಪೋರ್ಟ್ ವಾರಪತ್ರಿಕೆಯ ಹಳೇ ಸಂಚಿಕೆಗಳನ್ನು ತಿರುವಿದೆ. ರೇಸ್ ವರದಿಗಿಂತ ಹಿಂದಿನ ಪುಟಗಳ ಮಾರಾಟದ ಜಾಹೀರಾತುಗಳೇ ಜಾಸ್ತಿ ಕೆಲಸಕ್ಕೆ ಬಂದವು. ಯಾವ ಡ್ರೈವರ್ ತನ್ನ ಕಾರನ್ನು ಯಾವ ತಿಂಗಳಲ್ಲಿ, ಯಾವ ಊರಿನಿಂದ ಮಾರಲು ಇಟ್ಟಿದ್ದ ಅನ್ನುವುದು ಅಲ್ಲೇ ಸಿಗುತ್ತದೆ. ಒಂದು ಜಾಹೀರಾತಿನ ಜಾಡು ಹಿಡಿದು, ಆರು ಜನರಿಗೆ ಪತ್ರ ಬರೆದು, ಕೊನೆಗೆ ಸ್ವೀಡನ್ನಿನ ಒಬ್ಬ ಹಿರಿಯರನ್ನು ತಲುಪಿದೆ. ಅವರ ಹತ್ತಿರ ಒಂದು ಬಿಟಿ28 ಇತ್ತು. 1972ರಿಂದ ಇವತ್ತಿನವರೆಗೆ ಪ್ರತಿ ಮಾರಾಟದ ರಸೀದಿಯೂ ಇತ್ತು. ಚೌಕಟ್ಟಿನ ಮೇಲೆ ಎಎಂ ನಂಬರು ಇತ್ತು. ಇರದಿದ್ದದ್ದು ತಗಡು ಮಾತ್ರ. ಅದಿರಬೇಕಾದ ಜಾಗದಲ್ಲಿ ನಾಲ್ಕು ತೂತು.

ಅವರು ತೂತುಗಳ ಫೋಟೋ ಕಳಿಸಿದರು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬಲಗಡೆ ಕೆಳಗಿನ ತೂತು ಸುಮಾರು ಮೂರು ಮಿಲಿಮೀಟರ್ ಒಳಗೆ ಸರಿದಿತ್ತು. ಯಾರೋ ಅವಸರದಲ್ಲಿ ಡ್ರಿಲ್ ಮಾಡಿದ್ದು. ನನ್ನ ತಗಡನ್ನು ಬಿಚ್ಚಿ ನೋಡಿದೆ. ಅದರ ಬಲಗಡೆ ಕೆಳಗಿನ ತೂತೂ ಅಷ್ಟೇ ಒಳಗೆ ಸರಿದಿತ್ತು. ಕಾಗದದ ಮೇಲೆ ಗುರುತು ಹಾಕಿ ತಾಳೆ ನೋಡಿದರೆ ನಾಲ್ಕೂ ಕೂಡಿದವು. ತಗಡು ಅವರ ಕಾರಿನದು. ಯಾವಾಗಲೋ, ಯಾರೋ ಕಿತ್ತು ತಂದು ಹೊಸ ಚೌಕಟ್ಟಿಗೆ ಹೊಡೆದಿದ್ದಾರೆ.

ಹೀಗೆ ಆಗುವುದಕ್ಕೆ ಕಾರಣಗಳಿವೆ, ಎಲ್ಲವೂ ಮೋಸವೇ ಅಲ್ಲ. ಆಗಿನ ಫಾರ್ಮುಲಾ ತ್ರೀ ಹುಡುಗರು ಟ್ರೇಲರ್ ಕಟ್ಟಿಕೊಂಡು ಯುರೋಪೆಲ್ಲ ಸುತ್ತುತ್ತಿದ್ದರು. ಪ್ರತಿ ಗಡಿಯಲ್ಲೂ ಕಸ್ಟಮ್ಸ್‌ಗೆ ಕಾರ್ನೆ ಅನ್ನುವ ಕಾಗದ ತೋರಿಸಬೇಕಿತ್ತು. ಅದರಲ್ಲಿ ಚಾಸಿಸ್ ನಂಬರ್ ಬರೆದಿರುತ್ತಿತ್ತು. ಕಾರು ಜಖಂ ಆಗಿ ಬೇರೆ ಕಾರು ತಂದರೆ ಕಾಗದ ಮತ್ತೆ ಮಾಡಿಸಬೇಕು, ಸುಂಕದ ತಲೆನೋವು. ಹಳೇ ತಗಡು ಕಿತ್ತು ಹೊಸ ಕಾರಿಗೆ ಹೊಡೆದರೆ ಕೆಲಸ ಮುಗಿಯಿತು. ಜಖಂ ಆದ ಚೌಕಟ್ಟು ಶೆಡ್ಡಿನ ಹಿಂದೆ ಬಿದ್ದಿರುತ್ತಿತ್ತು. ಮೂವತ್ತು ವರ್ಷ ಆದಮೇಲೆ ಬೆಲೆ ಬಂದಾಗ ಯಾರೋ ಅದನ್ನೂ ರಿಪೇರಿ ಮಾಡಿ ಕಾರು ಕಟ್ಟುತ್ತಾರೆ. ಒಂದೇ ನಂಬರಿಗೆ ಎರಡು ಕಾರು.

ಹಾಗಾದರೆ ಅಸಲಿ ಯಾವುದು? ಈ ಪ್ರಶ್ನೆ ಲಂಡನ್ನಿನ ಹೈಕೋರ್ಟಿಗೇ ಹೋಗಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಬೆಂಟ್ಲಿ ಕಾರು, 'ಓಲ್ಡ್ ನಂಬರ್ ಒನ್' ಅಂತ ಹೆಸರು. ಒಂದು ಕೋಟಿ ಪೌಂಡಿಗೆ ಮಾತಾಯಿತು. ಆಮೇಲೆ ಕೊಳ್ಳುವವರು ಇದು ಆ ಕಾರೇ ಅಲ್ಲ ಅಂದರು. ಮೊದಲಿನ ಲೋಹ ಬಹಳ ಕಡಿಮೆ ಉಳಿದಿತ್ತು, ಅದು ನಿಜ. ಆದರೂ 1990ರಲ್ಲಿ ನ್ಯಾಯಮೂರ್ತಿ ಆಟನ್, ಇದೇ ಓಲ್ಡ್ ನಂಬರ್ ಒನ್ ಅಂತ ತೀರ್ಪು ಕೊಟ್ಟರು. ಅದರ ಇತಿಹಾಸ ಎಲ್ಲೂ ಕಡಿದಿರಲಿಲ್ಲ, ಆ ಹೆಸರಿಗೆ ಇನ್ನೊಂದು ಕಾರು ಹಕ್ಕು ಹೇಳಿರಲಿಲ್ಲ. ನಮ್ಮ ಊರಿನ ತೇರು ನೆನಪು ಮಾಡಿಕೊಳ್ಳಿ. ಗಾಲಿ ಬದಲಾಗಿರುತ್ತದೆ, ಅಚ್ಚು ಬದಲಾಗಿರುತ್ತದೆ, ಆದರೂ ಅದೇ ತೇರು ಅಲ್ವಾ? ವರ್ಷಾವರ್ಷ ಊರಿನವರ ಕಣ್ಣೆದುರೇ ಬದಲಾಗಿದೆ ಅನ್ನುವುದಕ್ಕೆ. ನನ್ನ ಕಾರಿಗೆ ಆ ಕಣ್ಣುಗಳಿಲ್ಲ.

ವಕೀಲರ ಹತ್ತಿರ ಹೋದೆ. ಅವರು ಬಿಲ್ಲು ಓದಿ ಒಂದು ಸಾಲಿಗೆ ಬೆರಳಿಟ್ಟರು. "ಈ ನಂಬರಿನ ಕಾರು ಎಂದು ನಂಬಲಾಗಿದೆ" ಅಂತ ಬರೆದಿತ್ತು. 'ಹೌದು' ಅಂತ ಎಲ್ಲೂ ಇಲ್ಲ, ಬರೀ 'ನಂಬಲಾಗಿದೆ'. ತಪ್ಪು ಮಾಹಿತಿ ಕೊಟ್ಟು ಮಾರಿದವರ ಮೇಲೆ ದಾವೆ ಹಾಕಲು ಇಲ್ಲಿ 1967ರ ಕಾನೂನೇ ಇದೆ. ಆದರೆ ಮಾರಿದವರು "ನನಗೂ ಹೀಗೇ ಹೇಳಿ ಮಾರಿದ್ರು" ಅಂದರು. ಖರ್ಚಿನ ಲೆಕ್ಕ ನೋಡಿ ರಾಜಿಗೆ ಒಪ್ಪಿದೆ. 11 ಸಾವಿರ ಪೌಂಡ್ ವಾಪಸ್ ಬಂತು.

ಪಾಸ್‌ಪೋರ್ಟ್ ವಿಷಯ ಒತ್ತಿ ಹೇಳುತ್ತೇನೆ, ಮ್ಯೂನಿಕ್ ಗೆಳೆಯರೂ ಅದನ್ನೇ ನಂಬಿದ್ದರು. ಕಾರಿನ ಭಾಗಗಳು ಆ ಕಾಲದ ನಿಯಮಕ್ಕೆ ಸರಿಹೊಂದುತ್ತವಾ ಅನ್ನುವುದಷ್ಟೇ ಅದರ ಕೆಲಸ. ಕಾರಿನ ಇತಿಹಾಸಕ್ಕೆ ಅದು ಪುರಾವೆ ಅಲ್ಲ. ಎಂಜಿನ್ ನಂಬರನ್ನೂ ಹ್ಯೂಲಂಡ್ ಕಂಪನಿಯ ಗೇರ್‌ಬಾಕ್ಸ್ ನಂಬರನ್ನೂ ಗುರುತು ಅಂತ ತೋರಿಸಿದರೆ ಒಪ್ಪಬೇಡಿ. ಅವು ಕಾರಿನಿಂದ ಕಾರಿಗೆ ಹೋಗುತ್ತಲೇ ಇದ್ದವು. ಫೈಲಿನ ಹಳೇ ಫೋಟೋಗಳನ್ನು ಕಾರಿನ ಪಕ್ಕ ಹಿಡಿದು ನೋಡಿ. ಕೈಯಲ್ಲಿ ಬೆಸೆದ ಚೌಕಟ್ಟು ಒಂದರಂತೆ ಇನ್ನೊಂದು ಇರುವುದಿಲ್ಲ. ಬ್ರ್ಯಾಕೆಟ್ ಎಲ್ಲಿದೆ, ಕಾರು ಮಗುಚಿದರೆ ತಲೆ ಕಾಯುವ ರೋಲ್ ಬಾರ್‌ನ ಆಸರೆ ಎಲ್ಲಿ ಸೇರಿದೆ, ಹೋಲಿಸಿ. ನನ್ನ ಫೈಲಿನ ಒಂಬತ್ತು ಫೋಟೋಗಳಲ್ಲಿ ಏಳು ಬೇರೆ ಕಾರುಗಳದ್ದು ಅಂತ ಆಮೇಲೆ ಗೊತ್ತಾಯಿತು. ಹಿಂದಿನ ಮಾಲೀಕರು ಬದುಕಿದ್ದರೆ ನೀವೇ ಫೋನ್ ಮಾಡಿ, ಮಾರುವವರ ಮೂಲಕ ಬೇಡ. ಈ ನಂಬರಿಗೆ ಬೇರೆ ಯಾರಾದರೂ ಹಕ್ಕು ಹೇಳಿದ್ದಾರಾ ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ಬಿಲ್ಲಿನಲ್ಲಿ 'ನಂಬಲಾಗಿದೆ' ಇದ್ದರೆ ಪೆನ್ನು ಕೆಳಗಿಡಿ.

ಮ್ಯೂನಿಕ್ ಗೆಳೆಯರು ವರ್ನಿಯರ್ ತಗೊಂಡು ಹೋಗುತ್ತೇನೆ ಅಂದಾಗ ಆ ಮಾರಾಟಗಾರರು ಬಣ್ಣ ಕೆರೆಯಲು ಬಿಡುವುದಿಲ್ಲ ಅಂದರಂತೆ. ಇವರು ವಾಪಸ್ ಬಂದರು.

ನನ್ನ ಕಾರು ಇನ್ನೂ ಗ್ಯಾರೇಜಿನಲ್ಲೇ ಇದೆ. ಬಿರುಕು ಬೆಸೆಸಿದ್ದೇನೆ. ಈಗ ಅದರ ಕಾಗದದಲ್ಲಿ 'ನಕಲು ಚೌಕಟ್ಟು' ಅಂತ ಸ್ಪಷ್ಟವಾಗಿ ಬರೆಸಿದ್ದೇನೆ, ಮುಂದೆ ಯಾರು ಕೊಂಡರೂ ಅದನ್ನು ಓದಿಯೇ ಕೊಳ್ಳಬೇಕು. ತಗಡನ್ನು ಹತ್ತಿಯಲ್ಲಿ ಸುತ್ತಿ ಸ್ವೀಡನ್ನಿಗೆ ಕಳಿಸಿದೆ. ಹದಿನೈದು ದಿನ ಬಿಟ್ಟು ಆ ಹಿರಿಯರಿಂದ ಒಂದು ಫೋಟೋ ಬಂತು. ನಾಲ್ಕು ತೂತಿಗೆ ನಾಲ್ಕು ಹೊಸ ರಿವೆಟ್, ಬಲಗಡೆ ಕೆಳಗಿನದು ಮೂರು ಮಿಲಿಮೀಟರ್ ಒಳಗೆ.