ಪ್ರತಿ ರಾತ್ರಿ ‘ಟಾಸ್ಕ್ ಓಕೆ’ ಅಂತ ಬರುತ್ತಿತ್ತು, ಫೋಟೋ ಮಾತ್ರ ಬ್ಯಾಕಪ್‌ನಲ್ಲಿ ಇರಲೇ ಇಲ್ಲ

ಮನೆಯಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಕಂಪ್ಯೂಟರ್ ಒಳಗೆ ಹಲವು ಕಂಪ್ಯೂಟರ್ ಇದ್ದ ಹಾಗೆ ನಡೆಸುವ ಸಾಫ್ಟ್‌ವೇರ್) ಹಾಕಿಕೊಂಡು ವರ್ಚುವಲ್ ಮಷೀನ್ ಓಡಿಸುತ್ತಿದ್ದರೆ, ಇದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ನಿನ್ನೆ ರಾತ್ರಿಯ ಬ್ಯಾಕಪ್ ಲಾಗ್ ತೆರೆಯಿರಿ. ಅದರಲ್ಲಿ ‘ಎಕ್ಸ್‌ಕ್ಲೂಡ್ ಡಿಸ್ಕ್’ ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ಅದು ಯಾವ ಡಿಸ್ಕ್, ಅದರಲ್ಲಿ ಏನಿದೆ ಅಂತ ಒಮ್ಮೆ ಯೋಚಿಸಿ. ನನ್ನ ಲಾಗ್‌ನಲ್ಲಿ ಆ ಸಾಲು ಎರಡು ವರ್ಷದಿಂದ ಪ್ರತಿ ರಾತ್ರಿ ಬರುತ್ತಿತ್ತು. ನಾನು ಕೊನೆಯ ಸಾಲು ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಸುಮಾರು 190 ಜಿಬಿ ಫೋಟೋ ಹೋಯಿತು.

ಸಾಫ್ಟ್‌ವೇರ್ ಮೇಲೆ ಗೂಬೆ ಕೂರಿಸಲು ಇದನ್ನು ಬರೆಯುತ್ತಿಲ್ಲ. ಅದು ಹೇಳಬೇಕಾದ್ದನ್ನೆಲ್ಲ ಹೇಳಿತ್ತು. ಕೇಳದೇ ಇದ್ದವನು ನಾನು.

ನನ್ನ ಸರ್ವರ್ ಅಂದರೆ ಒಂದು ಹಳೆಯ ಡೆಸ್ಕ್‌ಟಾಪ್. ಒಳಗೆ 500 ಜಿಬಿಯ ಒಂದೇ ಎಸ್‌ಎಸ್‌ಡಿ, ಹೊರಗೆ ಬ್ಯಾಕಪ್‌ಗೆ ಅಂತ 2 ಟಿಬಿಯ ಯುಎಸ್‌ಬಿ ಡಿಸ್ಕ್. ಇನ್‌ಸ್ಟಾಲ್ ಮಾಡುವಾಗ ಬಂದ ಹಾಗೇ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಎಸ್‌ಎಸ್‌ಡಿಯಲ್ಲಿ ಎರಡು ಭಾಗ ಆಗುತ್ತದೆ. ಪ್ರಾಕ್ಸ್‌ಮಾಕ್ಸ್ ಕೂರುವ ರೂಟ್ ಭಾಗ ಒಂದು, ನನ್ನಲ್ಲಿ ಅದು ಸುಮಾರು 95 ಜಿಬಿ. ಉಳಿದದ್ದರಲ್ಲಿ ಹೆಚ್ಚಿನದು, ಸುಮಾರು 340 ಜಿಬಿ, ವರ್ಚುವಲ್ ಡಿಸ್ಕ್‌ಗಳಿಗಾಗಿ ಒಂದು ಥಿನ್ ಪೂಲ್. ಅದರ ಮೇಲೆ ಐದು ಮಷೀನ್ ಓಡುತ್ತಿದ್ದವು. ಮುಖ್ಯವಾದದ್ದು ಫೋಟೋ ಸರ್ವರ್. ಅದಕ್ಕೆ 32 ಜಿಬಿಯ ಸಿಸ್ಟಮ್ ಡಿಸ್ಕ್ ಒಂದು, ಫೋಟೋಗಳಿಗೆ 300 ಜಿಬಿಯ ಇನ್ನೊಂದು ಡಿಸ್ಕ್.

ಥಿನ್ ಪೂಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಮಷೀನ್‌ಗೆ 300 ಜಿಬಿ ಕೊಟ್ಟೆ ಅಂದರೆ ಅಷ್ಟು ಜಾಗ ಅಲ್ಲೇ ಎತ್ತಿಡುವುದಿಲ್ಲ. ಬರೆದಷ್ಟು ಮಾತ್ರ ಪೂಲ್‌ನಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ 340 ಜಿಬಿಯ ಪೂಲ್‌ನಿಂದ ಎಲ್ಲರಿಗೂ ಸೇರಿ 500 ಜಿಬಿ ಮೇಲೆ ಹಂಚಬಹುದು. ನಾನು ಹಂಚಿದ್ದೆ. ಹೊಸ ಡಿಸ್ಕ್ ಮಾಡುವಾಗಲೆಲ್ಲ, ಕೊಟ್ಟದ್ದರ ಮೊತ್ತ ಪೂಲ್‌ಗಿಂತ ಜಾಸ್ತಿ ಆಗಿದೆ ಅಂತ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ. ಎಲ್ಲರಿಗೂ ಬರುತ್ತೆ ಬಿಡು ಅಂತ ಮುಂದೆ ಹೋಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಕರೆದಳು. “ರೀ, ಫೋಟೋ ಅಪ್‌ಲೋಡ್ ಆಗ್ತಾ ಇಲ್ಲ, ಸ್ವಲ್ಪ ನೋಡಿ.” ಹೋಗಿ ನೋಡಿದರೆ ಫೋಟೋ ಮಷೀನ್ ಮೇಲೆ ಹಳದಿ ತ್ರಿಕೋನ, ಪಕ್ಕದಲ್ಲಿ ‘ಐಒ ಎರರ್’. ನಾನು ಏನು ಮಾಡಿದೆ? ಸ್ಟಾಪ್ ಒತ್ತಿದೆ. ಮತ್ತೆ ಸ್ಟಾರ್ಟ್ ಒತ್ತಿದೆ.

ಇದೇ ಮೊದಲ ತಪ್ಪು. ಬರೆಯಲು ಜಾಗ ಸಿಗದಿದ್ದಾಗ ಮಷೀನ್ ಸತ್ತಿರುವುದಿಲ್ಲ, ನಿಂತಿರುತ್ತದೆ ಅಷ್ಟೇ. ಪೂಲ್‌ನಲ್ಲಿ ಜಾಗ ಮಾಡಿಕೊಟ್ಟು ರೆಸ್ಯೂಮ್ ಅಂದಿದ್ದರೆ ಬಿಟ್ಟಲ್ಲಿಂದ ಮುಂದುವರಿಯುವ ಅವಕಾಶ ಇತ್ತು. ನಾನು ಅದರ ಕುತ್ತಿಗೆ ಹಿಸುಕಿ, ಪೂಲ್ ಇನ್ನೂ ತುಂಬಿರುವಾಗಲೇ ಎಬ್ಬಿಸಿದೆ. ಎದ್ದ ಡೇಟಾಬೇಸ್ ತನ್ನನ್ನು ತಾನೇ ಸರಿಮಾಡಿಕೊಳ್ಳಲು ಬರೆಯತೊಡಗಿತು. ಬರೆಯಲು ಜಾಗ ಎಲ್ಲಿದೆ? ಅಲ್ಲೇ ಮುರಿದು ಬಿತ್ತು.

ಆಮೇಲೆ ಪೂಲ್ ಎಷ್ಟು ತುಂಬಿದೆ ಅಂತ ತೋರಿಸುವ ‘ಎಲ್‌ವಿಎಸ್’ ಕಮಾಂಡ್ ಕೊಟ್ಟೆ. ಡೇಟಾ ಶೇಕಡಾ ಅನ್ನುವ ಕಾಲಮ್‌ನಲ್ಲಿ 100.00. ಪೂಲ್ ಯಾಕೆ ತುಂಬಿತು ಅನ್ನುವುದಕ್ಕೆ ಎರಡು ಕಾರಣ ಸಿಕ್ಕವು. ಇನ್ನೊಂದು ಮಷೀನ್‌ಗೆ ಅಪ್‌ಗ್ರೇಡ್ ಮಾಡುವ ಮುಂಚೆ ತೆಗೆದ ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೇ ಹಿಡಿದಿಟ್ಟ ಸ್ಥಿತಿ) ಎಂಟು ತಿಂಗಳಿಂದ ಹಾಗೇ ಕೂತಿತ್ತು. ಆ ದಿನ ಇದ್ದ ಹಳೆಯ ಬ್ಲಾಕ್‌ಗಳನ್ನೆಲ್ಲ ಅದು ಹಿಡಿದಿಟ್ಟುಕೊಂಡಿರುತ್ತದೆ, ಮಷೀನ್ ಒಳಗೆ ಏನೇ ಅಳಿಸಿದರೂ ಬಿಡುವುದಿಲ್ಲ. ಎರಡನೆಯದು, ಯಾವ ಡಿಸ್ಕ್‌ಗೂ ‘ಡಿಸ್ಕಾರ್ಡ್’ ಆನ್ ಮಾಡಿರಲಿಲ್ಲ. ಅದಿಲ್ಲದೆ ಒಳಗೆ ಅಳಿಸಿದ ಫೈಲ್‌ನ ಜಾಗ ಪೂಲ್‌ಗೆ ವಾಪಸ್ ಬರುವುದೇ ಇಲ್ಲ. ಒಳಗಿನ ಲಿನಕ್ಸ್ 20 ಜಿಬಿ ಖಾಲಿ ಇದೆ ಅನ್ನುತ್ತಿರುತ್ತದೆ, ಪೂಲ್ ಲೆಕ್ಕದಲ್ಲಿ ಅದು ತುಂಬಿಯೇ ಇರುತ್ತದೆ. ಡಿಸ್ಕಾರ್ಡ್ ಆನ್ ಮಾಡಿ, ಮಷೀನ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಒಳಗೆ ‘ಎಫ್‌ಎಸ್‌ಟ್ರಿಮ್’ ಓಡಿಸಿದಾಗಲೇ ಜಾಗ ಬಿಡುಗಡೆ ಆಗುವುದು.

ಇಲ್ಲಿ ಒಂದು ವಿಷಯ ಆಮೇಲೆ ಗೊತ್ತಾಗಿ ಹೊಟ್ಟೆ ಉರಿಯಿತು. ನನ್ನ ಅಳತೆಯ ಡಿಸ್ಕ್‌ನಲ್ಲಿ ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲರ್ ತಾನಾಗಿಯೇ 16 ಜಿಬಿ ಜಾಗವನ್ನು ಯಾರಿಗೂ ಕೊಡದೆ ಮೀಸಲಿಟ್ಟಿರುತ್ತದೆ. ‘ವಿಜಿಎಸ್’ ಕಮಾಂಡ್ ಕೊಟ್ಟರೆ ವಿ ಫ್ರೀ ಅಂತ ಕಾಣುತ್ತದೆ. ಅದರಲ್ಲಿ ಹತ್ತು ಜಿಬಿ ಪೂಲ್‌ಗೆ ಸೇರಿಸಲು ‘ಎಲ್‌ವಿಎಕ್ಸ್‌ಟೆಂಡ್’ ಕಮಾಂಡ್‌ನ ಒಂದು ಸಾಲು ಸಾಕು. ಏನನ್ನೂ ಅಳಿಸಬೇಕಾಗಿರಲಿಲ್ಲ, ಯಾರನ್ನೂ ಕೊಲ್ಲಬೇಕಾಗಿರಲಿಲ್ಲ. ಅದು ಆ ಹೊತ್ತಿನಲ್ಲಿ ಗೊತ್ತಿರಬೇಕಲ್ವಾ?

ಸ್ನ್ಯಾಪ್‌ಶಾಟ್ ಅಳಿಸಿದೆ. ಸುಮಾರು 40 ಜಿಬಿ ಬಂತು. ಡೇಟಾಬೇಸ್ ಏಳಲಿಲ್ಲ. ಇರಲಿ, ಬ್ಯಾಕಪ್ ಇದೆಯಲ್ಲ ಅಂದುಕೊಂಡೆ. ಪ್ರತಿ ರಾತ್ರಿ ಲಾಗ್‌ನ ಕೊನೆಯಲ್ಲಿ ಬರುತ್ತದೆ, ‘ಟಾಸ್ಕ್ ಓಕೆ’ ಅಂತ. ಧೈರ್ಯವಾಗಿಯೇ ಇದ್ದೆ.

ಆಗ ಕಣ್ಣಿಗೆ ಬಿತ್ತು, ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿಯೇ ಇಲ್ಲ, ಅಂದರೆ ಅದು ತನ್ನ ಫೋಲ್ಡರ್‌ಗೆ ಜೋಡಣೆಯಾಗಿಲ್ಲ. ಲಾಗ್ ನೋಡಿದರೆ ಐದು ವಾರದ ಹಿಂದೆ ಕರೆಂಟ್ ಹೋಗಿ ಬಂದಾಗ ಸರ್ವರ್ ರೀಬೂಟ್ ಆಗಿತ್ತು. ಯುಎಸ್‌ಬಿ ಡಿಸ್ಕ್ ಎಚ್ಚರಾಗುವುದು ತಡವಾಗಿದೆ. ಬೂಟ್ ಆಗುವಾಗ ಯಾವ ಡಿಸ್ಕ್ ಮೌಂಟ್ ಮಾಡಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ‘ನೋಫೇಲ್’ ಅಂತ ನಾನೇ ಹಾಕಿದ್ದೆ, ಡಿಸ್ಕ್ ಇಲ್ಲ ಅಂತ ಬೂಟ್ ನಿಲ್ಲಬಾರದು ಅಂತ. ಅದು ಹೇಳಿದ ಮಾತು ಕೇಳಿ ಸುಮ್ನೆ ಮುಂದೆ ಹೋಗಿತ್ತು. ತಕ್ಷಣ ಕೈಯಾರೆ ಮೌಂಟ್ ಮಾಡಿದೆ. ಬ್ಯಾಕಪ್ ಪಟ್ಟಿ ತೆರೆದರೆ ಕೊನೆಯದು ಐದು ವಾರ ಹಳೆಯದು.

ಹಾಗಾದರೆ ಐದು ವಾರದಿಂದ ಬಂದ ‘ಓಕೆ’ ಎಲ್ಲ ಏನು? ಯೋಚಿಸುವ ತಾಳ್ಮೆ ಇರಲಿಲ್ಲ. ಹೋದರೆ ಐದು ವಾರ ಹೋಯಿತು ಅಂತ, ಆ ಹಳೆಯ ಬ್ಯಾಕಪ್ಪನ್ನೇ ಅದೇ ಮಷೀನ್ ಮೇಲೆ ರಿಸ್ಟೋರ್ ಮಾಡಿದೆ. ಹೊಸ ಐಡಿ (ಮಷೀನ್ ಸಂಖ್ಯೆ) ಕೊಟ್ಟು ಪಕ್ಕದಲ್ಲಿ ರಿಸ್ಟೋರ್ ಮಾಡಬಹುದಿತ್ತು. ಜಾಗ ಕಡಿಮೆ ಇದೆಯಲ್ಲ ಅಂತ ಅದೇ ಐಡಿ. ಈಗಿರುವ ಡೇಟಾ ಅಳಿಸಿಹೋಗುತ್ತದೆ ಅಂತ ಕೇಳಿತು. ಸರಿ ಅಂದೆ.

ಎರಡು ನಿಮಿಷದಲ್ಲಿ ಮುಗಿಯಿತು. 190 ಜಿಬಿ ಫೋಟೋ ಇರುವ ಮಷೀನ್ ಎರಡು ನಿಮಿಷದಲ್ಲಿ ರಿಸ್ಟೋರ್ ಆಗಲು ಸಾಧ್ಯವೇ? ಬ್ಯಾಕಪ್ ಫೈಲ್‌ನ ಗಾತ್ರ 14 ಜಿಬಿ ಅಂತ ಪಟ್ಟಿಯಲ್ಲೇ ಕಾಣುತ್ತಿತ್ತು. ಫೋಟೋಗಳು ಮೊದಲೇ ಒತ್ತಿ ಕುಗ್ಗಿಸಿದ ಫೈಲ್‌ಗಳು, ಇನ್ನೆಷ್ಟು ಒತ್ತಿದರೂ 190 ಹದಿನಾಲ್ಕಾಗುವುದಿಲ್ಲ. ಇಷ್ಟು ಸಣ್ಣ ಲೆಕ್ಕ ಆಗ ತಲೆಗೆ ಹೊಳೆಯಲಿಲ್ಲ.

ನಂತರ ಮಾಡಿದ್ದೇ ಇಡೀ ಕಥೆಯಲ್ಲಿ ಅತಿ ದೊಡ್ಡ ತಪ್ಪು. ಹಾರ್ಡ್‌ವೇರ್ ಪುಟದಲ್ಲಿ ‘ಅನ್‌ಯೂಸ್ಡ್ ಡಿಸ್ಕ್ 0’ ಅಂತ ಒಂದು ಹೊಸ ಸಾಲು ಕಂಡಿತು. ರಿಸ್ಟೋರ್ ಆದಮೇಲೆ ಉಳಿದ ಹಳೆಯ ಕಸ ಇರಬೇಕು ಅಂದುಕೊಂಡೆ. ಪೂಲ್ ಇನ್ನೂ 88 ಶೇಕಡಾ ಇತ್ತು. ರಿಮೂವ್ ಒತ್ತಿದೆ. ಪೂಲ್ ಒಮ್ಮೆಲೇ 35 ಶೇಕಡಾ ಆಸುಪಾಸಿಗೆ ಇಳಿಯಿತು. ಮೊದಲ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಕೈಕಾಲು ತಣ್ಣಗಾಯಿತು.

ರಿಸ್ಟೋರ್ ಮಾಡುವಾಗ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್‌ನಲ್ಲಿ ಇರುವ ಡಿಸ್ಕ್‌ಗಳನ್ನು ಮಾತ್ರ ಅಳಿಸಿ ಹೊಸದಾಗಿ ಬರೆಯುತ್ತದೆ. ಬ್ಯಾಕಪ್‌ನಲ್ಲಿ ಇಲ್ಲದ ಡಿಸ್ಕ್ ಇದ್ದರೆ ಅದನ್ನು ಮುಟ್ಟದೆ, ‘ಅನ್‌ಯೂಸ್ಡ್’ ಅಂತ ಪಕ್ಕಕ್ಕೆ ಇಡುತ್ತದೆ. ಅಂದರೆ ಅದು ನನ್ನ ಫೋಟೋ ಡಿಸ್ಕನ್ನು ಜೋಪಾನವಾಗಿ ಎತ್ತಿ ನನ್ನ ಕೈಗೇ ಕೊಟ್ಟಿತ್ತು. ನಾನು ಕಸದ ಬುಟ್ಟಿಗೆ ಹಾಕಿದೆ.

ಅದು ಬ್ಯಾಕಪ್‌ನಲ್ಲಿ ಯಾಕಿರಲಿಲ್ಲ? ಎರಡು ವರ್ಷದ ಹಿಂದೆ ನನ್ನ ಯುಎಸ್‌ಬಿ ಡಿಸ್ಕ್ ಚಿಕ್ಕದಿತ್ತು. ಫೋಟೋ ಡಿಸ್ಕ್ ಸೇರಿಸಿದರೆ ಎರಡು ಪ್ರತಿ ಹಿಡಿಸುತ್ತಿರಲಿಲ್ಲ. ಡಿಸ್ಕ್‌ನ ಆಯ್ಕೆಗಳಲ್ಲಿ ‘ಬ್ಯಾಕಪ್’ ಅನ್ನುವ ಟಿಕ್ ಇರುತ್ತದೆ, ಸದ್ಯಕ್ಕೆ ಅಂತ ತೆಗೆದಿದ್ದೆ. ದೊಡ್ಡ ಡಿಸ್ಕ್ ತಂದೆ. ಟಿಕ್ ವಾಪಸ್ ಹಾಕಲು ಮರೆತೆ. ಲಾಗ್‌ನಲ್ಲಿ ಪ್ರತಿ ರಾತ್ರಿ ಎರಡನೇ ಡಿಸ್ಕ್ ಹೊರಗಿಟ್ಟಿದ್ದೇನೆ, ಬ್ಯಾಕಪ್ ಬೇಡ ಅಂತ ಹೇಳಿದ್ದಾರೆ ಅನ್ನುವ ಸಾಲು ಇತ್ತು. ಕೊನೆಯಲ್ಲಿ ‘ಟಾಸ್ಕ್ ಓಕೆ’. ಹೌದಪ್ಪ, ಹೇಳಿದ ಕೆಲಸ ಓಕೆ ಆಗಿದೆ. ಹೇಳಿದ್ದೇ ತಪ್ಪು.

ಅಳಿಸಿದ್ದನ್ನು ಎಬ್ಬಿಸಬಹುದಾ ಅಂತ ಎರಡು ರಾತ್ರಿ ಕೂತೆ. ಸಾಮಾನ್ಯ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ವಾಲ್ಯೂಮ್ ಆಗಿದ್ದರೆ ಹಳೆಯ ಮೆಟಾಡೇಟಾ, ಅಂದರೆ ಹಂಚಿಕೆಯ ಲೆಕ್ಕದ, ಪ್ರತಿಯಿಂದ ವಾಪಸ್ ತರುವ ದಾರಿ ಇದೆ. ಥಿನ್ ವಾಲ್ಯೂಮ್‌ನಲ್ಲಿ ಹಾಗಲ್ಲ. ಯಾವ ಬ್ಲಾಕ್ ಯಾರದ್ದು ಅನ್ನುವ ಲೆಕ್ಕದ ಪುಸ್ತಕ ಪೂಲ್ ಒಳಗೇ ಇರುತ್ತದೆ. ವಾಲ್ಯೂಮ್ ಅಳಿಸಿದಾಗ ಆ ಲೆಕ್ಕವೂ ಅಳಿಯುತ್ತದೆ. ಮೇಲಾಗಿ ಉಳಿದ ನಾಲ್ಕು ಮಷೀನ್ ಆಗಲೇ ಆ ಜಾಗದಲ್ಲಿ ಬರೆಯಲು ಶುರು ಮಾಡಿದ್ದವು. ಅವನ್ನು ಆ ಕ್ಷಣವೇ ನಿಲ್ಲಿಸಬೇಕಿತ್ತು. ಅದೂ ಹೊಳೆಯಲಿಲ್ಲ.

ಇನ್ನು ಕಾಣೆಯಾದ ಐದು ವಾರದ ಬ್ಯಾಕಪ್ ಕಥೆ. ಮೂರನೇ ದಿನ, ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ‘ಡಿಎಫ್’ ಕಮಾಂಡ್ ಕೊಟ್ಟಾಗ ರೂಟ್ ಭಾಗದಲ್ಲಿ 72 ಜಿಬಿ ತುಂಬಿದೆ ಅಂತ ಬಂತು. ಫೋಲ್ಡರ್‌ನ ಗಾತ್ರ ಹೇಳುವ ‘ಡಿಯು’ ಹಾಕಿ ಫೋಲ್ಡರ್ ಫೋಲ್ಡರ್ ಕೂಡಿಸಿದರೆ 8 ಜಿಬಿಯೂ ಆಗುತ್ತಿಲ್ಲ. ಉಳಿದ 64 ಎಲ್ಲಿ? ಯುಎಸ್‌ಬಿ ಅನ್‌ಮೌಂಟ್ ಮಾಡಿದೆ. ಅದರ ಕೆಳಗಿನ ಫೋಲ್ಡರ್‌ನಲ್ಲಿ ಎಲ್ಲ ಮಷೀನ್‌ಗಳ ಬ್ಯಾಕಪ್ ಕೂತಿತ್ತು, ತಲಾ ಎರಡು ಪ್ರತಿ, ಕೊನೆಯದು ಭಾನುವಾರ ಮುಂಜಾನೆಯದು. ಡಿಸ್ಕ್ ಮೌಂಟ್ ಆಗದಿದ್ದರೂ ಫೋಲ್ಡರ್ ಇರುತ್ತದಲ್ಲ, ಬ್ಯಾಕಪ್ ಅಲ್ಲೇ ಬರೆಯುತ್ತಾ ಹೋಗಿದೆ. ಅಂದರೆ ಯಾವ ಎಸ್‌ಎಸ್‌ಡಿ ಕೆಟ್ಟರೆ ಅಂತ ಬ್ಯಾಕಪ್ ಇಟ್ಟೆನೋ ಅದೇ ಎಸ್‌ಎಸ್‌ಡಿಯ ಮೇಲೆ. ಎರಡೇ ಪ್ರತಿ ಉಳಿಸು ಅಂತ ಹೇಳಿದ್ದರಿಂದ ರೂಟ್ ಪೂರ್ತಿ ತುಂಬಿರಲಿಲ್ಲ. ತುಂಬಿದ್ದರೆ ಪ್ರಾಕ್ಸ್‌ಮಾಕ್ಸ್ ವೆಬ್ ಪುಟಕ್ಕೆ ಲಾಗಿನ್ ಆಗುವುದೂ ಕಷ್ಟ. ನಾನು ಯುಎಸ್‌ಬಿ ಮೌಂಟ್ ಮಾಡಿದಾಗ ಅದು ಈ ಹೊಸ ಫೈಲ್‌ಗಳ ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟಿತ್ತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದೆ, ನಿಮ್ಮದು ಇನ್ನೂ ಕೊಳ್ಳೆ ಹೋಗಿಲ್ಲ ಅಂದುಕೊಂಡು ಹೇಳುತ್ತೇನೆ. ಡೈರೆಕ್ಟರಿ ಸ್ಟೋರೇಜ್‌ಗೆ ‘ಈಸ್ ಮೌಂಟ್‌ಪಾಯಿಂಟ್’ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿದರೆ ಡಿಸ್ಕ್ ಮೌಂಟ್ ಆಗದಿದ್ದಾಗ ಬ್ಯಾಕಪ್ ಫೇಲ್ ಆಗುತ್ತದೆ. ಫೇಲ್ ಆಗಲಿ, ಅದೇ ಬೇಕು. ಖಾಲಿ ಫೋಲ್ಡರ್‌ಗೆ ‘ಸಿಎಚ್‌ಆ್ಯಟರ್’ ಕಮಾಂಡ್‌ನಿಂದ ಬೀಗ ಹಾಕಿದ್ದೇನೆ, ಮೌಂಟ್ ಆಗದೆ ಅಲ್ಲಿ ಯಾರೂ ಒಂದು ಫೈಲ್ ಕೂಡ ಇಡಲಾಗದ ಹಾಗೆ. ಬ್ಯಾಕಪ್ ಪುಟದಲ್ಲಿ ‘ಜಾಬ್ ಡೀಟೇಲ್’ ಅಂತ ಒಂದು ಬಟನ್ ಇದೆ. ಯಾವ ಮಷೀನ್‌ನ ಯಾವ ಡಿಸ್ಕ್ ಒಳಗಿದೆ, ಯಾವುದು ಹೊರಗಿದೆ ಎಲ್ಲ ತೋರಿಸುತ್ತದೆ. ಎರಡು ವರ್ಷದಲ್ಲಿ ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಕಂಟೇನರ್ (ಹೋಸ್ಟ್‌ನ, ಅಂದರೆ ಪ್ರಾಕ್ಸ್‌ಮಾಕ್ಸ್ ಓಡುವ ಕಂಪ್ಯೂಟರ್‌ನ, ಲಿನಕ್ಸ್ ಕರ್ನೆಲ್ಲನ್ನೇ ಹಂಚಿಕೊಳ್ಳುವ ಹಗುರ ಮಷೀನ್) ಬಳಸುವವರು ಇನ್ನೂ ಜಾಸ್ತಿ ಎಚ್ಚರದಿಂದಿರಿ. ಅಲ್ಲಿ ರೂಟ್ ಡಿಸ್ಕ್ ಬಿಟ್ಟು ಬೇರೆ ಮೌಂಟ್ ಪಾಯಿಂಟ್‌ಗಳು ನೀವಾಗಿ ಟಿಕ್ ಹಾಕದೆ ಬ್ಯಾಕಪ್‌ಗೆ ಬರುವುದಿಲ್ಲ. ಹೋಸ್ಟ್‌ನಿಂದ ನೇರವಾಗಿ ಬೈಂಡ್ ಮಾಡಿದ ಫೋಲ್ಡರ್ ಅಂತೂ ಟಿಕ್ ಹಾಕಿದರೂ ಬರುವುದಿಲ್ಲ.

ಪೂಲ್ 80 ಶೇಕಡಾ ದಾಟಿದರೆ ಮೇಲ್ ಬರುವಂತೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ. ಆ ಲೆಕ್ಕದ ಪುಸ್ತಕ ಎಷ್ಟು ತುಂಬಿದೆ ಅಂತ ಹೇಳುವ, ಪಕ್ಕದ ಮೆಟಾ ಶೇಕಡಾ ಕಾಲಮ್ ಕೂಡ ನೋಡುತ್ತದೆ, ಅದು ತುಂಬಿದರೆ ರಿಪೇರಿ ಇನ್ನೂ ಕಷ್ಟ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಮಷೀನನ್ನು ಹೊಸ ಐಡಿಗೆ ರಿಸ್ಟೋರ್ ಮಾಡಿ, ನೆಟ್‌ವರ್ಕ್ ಕಿತ್ತಿಟ್ಟು ಆನ್ ಮಾಡಿ ನೋಡುತ್ತೇನೆ. ನೆಟ್‌ವರ್ಕ್ ಬಿಟ್ಟರೆ ಒಂದೇ ಐಪಿಯ ಇಬ್ಬರು ಎದ್ದು ಜಗಳ ಆಡುತ್ತಾರೆ. ‘ಅನ್‌ಯೂಸ್ಡ್’ ಅಂತ ಏನೇ ಕಂಡರೂ ಈಗ ಒಂದು ವಾರ ಮುಟ್ಟುವುದಿಲ್ಲ.

ಫೋನ್‌ಗಳಲ್ಲಿ, ಹಳೆಯ ಲ್ಯಾಪ್‌ಟಾಪ್‌ನಲ್ಲಿ, ನೆಂಟರಿಗೆ ಕಳಿಸಿದ್ದ ಮೆಸೇಜ್‌ಗಳಲ್ಲಿ ಹುಡುಕಿ ಸುಮಾರು 70 ಜಿಬಿ ವಾಪಸ್ ಸಿಕ್ಕಿತು. ಭಾನುವಾರದ ಬ್ಯಾಕಪ್‌ನಿಂದ ಡೇಟಾಬೇಸ್ ಪೂರ್ತಿ ಎದ್ದಿದೆ. ಹೆಸರು, ತಾರೀಖು, ಆಲ್ಬಮ್ ಎಲ್ಲ ಇದೆ. ಚಿಕ್ಕ ಥಂಬ್‌ನೇಲ್‌ಗಳು ಸಿಸ್ಟಮ್ ಡಿಸ್ಕ್‌ನಲ್ಲಿ ಇದ್ದದ್ದರಿಂದ ಅವೂ ಉಳಿದವು. ಹಾಗಾಗಿ ಆ್ಯಪ್ ತೆರೆದರೆ ಎಲ್ಲ ಫೋಟೋಗಳೂ ಅಂಚೆ ಚೀಟಿಯಷ್ಟು ಗಾತ್ರದಲ್ಲಿ ಸಾಲಾಗಿ ಕಾಣುತ್ತವೆ. ಮುಟ್ಟಿದರೆ ಬೂದು ಬಣ್ಣದ ಚೌಕ, ಫೈಲ್ ಸಿಗಲಿಲ್ಲ ಅಂತ. ಅವನ್ನು ತೆಗೆದುಬಿಡಲಾ ಅಂತ ಹೆಂಡತಿಯನ್ನು ಕೇಳಿದೆ. ಬೇಡ, ಇರಲಿ ಬಿಡಿ ಅಂದಳು.